ಧೋಲಕ್ ಸುಮ್ಮನಿದ್ದ ಹೊತ್ತು

"ನಿಲ್ಸು, ನಿಲ್ಸು!" ಎಂದು ಶರತ್ ಹಾರ್ಮೋನಿಯಂನ ತಿದಿ ಮುಚ್ಚಿಬಿಟ್ಟ. "ಎಲ್ಲಿಗೆ ಓಡ್ತಿದ್ದೀಯ ತಹಸೀನ್? ನಾನಿನ್ನೂ ಮೊದಲ್ನೇ ಸಾಲಲ್ಲೇ ಇವ್ನಿ ಕಣೆ."

ತಹಸೀನಳ ಕೈ ಧೋಲಕ್ ಮೇಲೆ ಇನ್ನೂ ಎರಡು ಪೆಟ್ಟು ಹಾಕಿ ನಿಂತಿತು.

"ನಾನೆಲ್ಲಿ ಓಡ್ತಿದ್ದೀನಿ? ನೀನೇ ಎಳೀತಿದ್ದೀಯ."

"ಹಾಡೋರೇ ಇಲ್ಲ. ಎಳೆಯೋದೇನು ಬಂತು?"

ಆರನೇ ಕ್ಲಾಸಿನ ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಬೆಂಚುಗಳನ್ನು ಗೋಡೆಗೆ ಒತ್ತಿ, ನೆಲಕ್ಕೆ ಜಮಖಾನ ಹಾಸಿಕೊಂಡಿದ್ದರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಹಾಗೇ ಖಾಲಿ ಉಳಿದಿತ್ತು.

ಅದು ಚೈತ್ರ ಕೂರುತ್ತಿದ್ದ ಜಾಗ. ಅಜ್ಜಿ ತೀರಿಕೊಂಡ ಮೇಲೆ ಚೈತ್ರ ಸ್ಕೂಲಿಗೆ ಬಂದಿರಲಿಲ್ಲ.

ಅವಳ ಅಜ್ಜಿ ಮಲ್ಲಾಜಮ್ಮ, ಪಿರಿಯಾಪಟ್ಟಣದ ಆ ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆಯವರು. ಸ್ಕೂಲಿನ ಎಲ್ಲ ಮಕ್ಕಳೂ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಯಾರು ಜ್ವರದಿಂದ ಎದ್ದು ಬಂದಿದ್ದಾರೆ, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬಂದಿದ್ದಾರೆ ಎನ್ನುವುದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು. ಅಂಥವರ ತಟ್ಟೆಗೆ ಇನ್ನೊಂದು ಸೌಟು ಸಾಂಬಾರ್ ಬೀಳುತ್ತಿತ್ತು. ಒಂದು ಭಾನುವಾರ ಎದೆನೋವು ಅಂದರಂತೆ. ಆಟೋ ಬರುವಷ್ಟರಲ್ಲಿ ಹೋಗಿಬಿಟ್ಟರಂತೆ.

ಈ ಹಾಡು ಕೂಡ ಅವರದೇ. ಅಕ್ಕಿ ಆರಿಸುವಾಗ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಗುನುಗುತ್ತಿದ್ದರು.

*ಹೊಂಗೇಯ ನೆರಳವ್ವ, ಚೂರು ಜಾಗ ಬುಡು,*
*ದೂರದಿಂದ ನಡೆದೋಳು ಕೂತು ಹೋಗುತಾಳೆ.*

ಕೇಳಿ ಕೇಳಿ ಚೈತ್ರಳಿಗೆ ಬಾಯಿಗೆ ಬಂದಿತ್ತು. ಶರತ್‌ನ ಮಾವ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವರು. ಅವರ ಹತ್ತಿರ ಕಲಿತಿದ್ದ ಶರತ್ ಹಾಡಿನ ಸ್ವರಗಳನ್ನು ಹುಡುಕಿದ. ತಹಸೀನ್ ಧೋಲಕ್ ತಂದಳು. ಪ್ರತಿಭಾ ಕಾರಂಜಿಯಲ್ಲಿ ಮೂವರೂ ಸೇರಿ ಹಾಡಿದಾಗ ಕ್ಲಸ್ಟರಿಗೇ ಫಸ್ಟ್ ಬಂದಿತ್ತು. ಕೊನೆಯ ಸಾಲಿನಲ್ಲಿ ತಹಸೀನ್ ಧೋಲಕ್ಕಿನ ವೇಗ ಏರಿಸಿದ್ದಳು. ಪೆಟ್ಟಿನ ಮೇಲೆ ಪೆಟ್ಟು ಬಿದ್ದಂತೆ ಜನ ಹಾಡು ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿದ್ದರು.

ಆ ದಿನ ಚೈತ್ರಳ ಕೊನೆಯ ಸಾಲು ಯಾರಿಗೂ ಕೇಳಿಸಿರಲಿಲ್ಲ. ಅದು ತಹಸೀನಳಿಗೆ ಆಗ ತೋಚಿರಲೇ ಇಲ್ಲ.

ಪವಿತ್ರಾ ಮಿಸ್ ಬಾಗಿಲಲ್ಲಿ ನಿಂತು ಒಳಗೆ ನೋಡಿದರು.

"ನಾಳೆ ಚೈತ್ರ ಬರ್ತಾಳಂತೆ. ಅವರಪ್ಪ ಫೋನ್ ಮಾಡಿದ್ರು. ಶುಕ್ರವಾರದ ಶ್ರದ್ಧಾಂಜಲಿ ಸಭೇಲಿ ಹಾಡ್ತೀನಿ ಅಂತ ಅವಳೇ ಹೇಳಿದ್ದಾಳೆ. ನೀವು ಅವಳನ್ನ ಏನೂ ಕೇಳೋಕೆ ಹೋಗ್ಬೇಡಿ. ಜೊತೇಲಿ ನುಡಿಸಿ, ಅಷ್ಟೆ."

"ಸರಿ ಮಿಸ್," ಎಂದರು ಇಬ್ಬರೂ.

ಮರುದಿನ ಚೈತ್ರ ಬಂದಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ಆಚೆಯ ಅವಳ ಹಳ್ಳಿಯಿಂದ ದಿನವೂ ಅಜ್ಜಿಯ ಜೊತೆ ನಡೆದು ಬರುತ್ತಿದ್ದವಳು ಇವತ್ತು ಅಪ್ಪನ ಬೈಕಿನಿಂದ ಇಳಿದಳು. ಮುಖ ಸಣ್ಣದಾಗಿತ್ತು. ಊಟದ ಗಂಟೆ ಹೊಡೆದಾಗ ತಟ್ಟೆ ಹಿಡಿದು ಹೋಗಲಿಲ್ಲ. ಮನೆಯಿಂದ ಬಾಕ್ಸ್ ತಂದಿದ್ದಳು. ಕ್ಲಾಸಿನಲ್ಲೇ ಕೂತು ತಿಂದಳು.

ಸಂಜೆ ಮೂವರೂ ಜಮಖಾನದ ಮೇಲೆ ಕೂತರು. ಚೈತ್ರ ಕಣ್ಣು ಮುಚ್ಚಿ ಶುರು ಮಾಡಿದಳು.

ಹಾಡು ಮೊದಲಿನಂತೆ ಇರಲಿಲ್ಲ. ಬಹಳ ನಿಧಾನವಾಗಿತ್ತು. ಒಂದೊಂದು ಮಾತಿನ ನಡುವೆ ಅವಳು ಎಲ್ಲೋ ಹೋಗಿ ಬರುತ್ತಿದ್ದಳು. ಆ ಖಾಲಿ ಜಾಗ ಬಂದಾಗಲೆಲ್ಲ ತಹಸೀನಳಿಗೆ ಭಯವಾಗುತ್ತಿತ್ತು. ಈಗ ಅತ್ತುಬಿಟ್ಟರೆ? ಹಾಡು ನಿಂತೇ ಹೋದರೆ? ಅವಳು ಧೋಲಕ್ ಮೇಲೆ ಬೆರಳು ಓಡಿಸಿ ಆ ಜಾಗವನ್ನು ತುಂಬಿದಳು. ಮತ್ತೆ ಖಾಲಿಯಾಯಿತು. ಮತ್ತೆ ತುಂಬಿದಳು, ಇನ್ನಷ್ಟು ಜೋರಾಗಿ.

ಚೈತ್ರ ಕಣ್ಣು ತೆರೆದಳು.

"ನೀನು ನನ್ನ ತಳ್ತಾ ಇದ್ದೀಯ ಕಣೆ."

"ನಾನಾ? ನಾನೆಲ್ಲಿ ತಳ್ದೆ? ನೀನು ನಿಂತ್ಕೊಂಡ್ರೆ ಹಾಡು ಬಿದ್ದೋಗುತ್ತೆ ಅಂತ ನಾನು ಬಾರಿಸ್ತಿದ್ದೀನಿ!"

"ಬಿದ್ರೆ ಬೀಳ್ಲಿ ಬುಡು."

ಚೈತ್ರ ಬ್ಯಾಗ್ ಎತ್ತಿಕೊಂಡು ಎದ್ದು ಹೋದಳು. ಶರತ್ ಹಾರ್ಮೋನಿಯಂಗೆ ಬಟ್ಟೆ ಹೊದಿಸಿದ. ತಹಸೀನ್ ಅವನ ಮುಖ ನೋಡಿದಳು. ಅವನಾದರೂ ತನ್ನ ಕಡೆ ಮಾತಾಡುತ್ತಾನೆ ಅಂದುಕೊಂಡಿದ್ದಳು.

"ನಂಗೂ ಅವಳ ದನಿ ಕೇಳಿಸ್ತಿರ್ಲಿಲ್ಲ ಕಣೆ," ಎಂದ ಅವನು ಮೆಲ್ಲಗೆ. "ಅವಳು ಎಲ್ಲವಳೆ ಅಂತ ಗೊತ್ತಾದ್ರೆ ತಾನೆ ನಾನು ಅಲ್ಲಿಗೆ ಹೋಗೋದು?"

ಮನೆಗೆ ಬಂದಾಗ ಅಬ್ಬಾ ಲತೀಫ್ ಹೊಲಿಗೆ ಮೆಷಿನ್ ಮುಂದೆ ಕೂತಿದ್ದರು. ಬೈಲಕುಪ್ಪೆಯ ಟಿಬೆಟಿಯನ್ ಭಿಕ್ಷುಗಳ ಆರ್ಡರ್ ಬಂದರೆ ಮನೆಯ ತುಂಬ ಮರೂನ್ ಬಟ್ಟೆ. ಅಬ್ಬಾನ ತಾಯಿ, ದಾದಿ ಅಜ್ಮತುನ್ನೀಸಾ ಅದರ ಚೂರುಗಳ ನಡುವೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ತಹಸೀನ್ ಧೋಲಕ್ ಕೆಳಗಿಟ್ಟು ದಾದಿಯ ಪಕ್ಕ ಕೂತಳು. ಆ ಧೋಲಕ್ ದಾದಿಯದೇ. ಹಳದಿ ಶಾಸ್ತ್ರ, ಮೆಹಂದಿ ಎಂದರೆ ಬೀದಿಯ ಹೆಂಗಸರು ಈಗಲೂ ಅವರನ್ನೇ ಕರೆಯುತ್ತಿದ್ದರು.

"ದಾದಿ, ಶುಕ್ರವಾರ ಸ್ಕೂಲಲ್ಲಿ ಮಲ್ಲಾಜಮ್ಮಜ್ಜಿಗೆ ಹಾಡ್ತೀವಿ. ನಾನು ಧೋಲಕ್."

ದಾದಿಯ ಕೈ ನಿಂತಿತು. "ಸಾವು, ಮೌತ್ ಆದಾಗ ನಾವು ಧೋಲಕ್ ಮುಟ್ಟಲ್ಲ ಬೇಟಾ. ಅದು ಖುಷಿಯ ಸಾಮಾನು."

"ಅವ್ರಲ್ಲಿ ತಮಟೆ ಬಡೀತಾರೆ ದಾದಿ. ಅಜ್ಜೀನ ಎತ್ಕೊಂಡು ಹೋಗುವಾಗ ಬಡಿದ್ರಂತೆ."

"ಹಂಗಾದ್ರೆ ಅವ್ರ ಪದ್ಧತಿ ಬೇರೆ." ದಾದಿ ಮತ್ತೆ ಅವರೆಕಾಯಿಗೆ ಕೈ ಹಾಕಿದರು. "ಆ ಹುಡುಗಿಗೆ ಬೇಕಾ? ಬೇಕು ಅಂದ್ರೆ ಬಾರ್ಸು. ಬೇಡ ಅಂದ್ರೆ ಬೇಡ."

"ಅವಳು ಏನೂ ಸರಿಯಾಗಿ ಹೇಳಲ್ಲ. ನಾನು ತಳ್ತೀನಂತೆ." ತಹಸೀನ್ ಒಂದು ಮರೂನ್ ಚೂರನ್ನು ಎಳೆದುಕೊಂಡಳು. "ದಾದಿ, ಮದುವೇಲಿ ಮಗಳನ್ನ ಕಳಿಸುವಾಗ ಹಾಡ್ತೀರಲ್ಲ, ಆಗ ಹುಡುಗಿಯ ಅಮ್ಮ ಹಾಡ್ತಾ ಹಾಡ್ತಾ ಅತ್ತುಬಿಟ್ರೆ ನೀವು ಏನ್ ಬಾರಿಸ್ತೀರಿ?"

ದಾದಿ ಒಂದು ಅವರೆಕಾಯಿ ಬಿಡಿಸಿದರು. ಇನ್ನೊಂದು ಬಿಡಿಸಿದರು.

"ಏನ್ ಬಾರಿಸ್ತೀನೋ ನಂಗೇ ಗೊತ್ತಿಲ್ವಲ್ಲ," ಎಂದರು. "ಅವಾಗ ನಾನು ಅವಳ ಮುಖ ನೋಡ್ತಾ ಇರ್ತೀನಿ. ಕೈ ಏನ್ ಮಾಡುತ್ತೋ ಯಾರಿಗೆ ಗೊತ್ತು?"

ತಹಸೀನಳಿಗೆ ಬೇಸರವಾಯಿತು. ಅವಳಿಗೆ ಬೇಕಿದ್ದದ್ದು ಒಂದು ಸರಿಯಾದ ತಾಳ. ದಾದಿಯ ಹತ್ತಿರ ಅದು ಇರಲಿಲ್ಲ.

ಗುರುವಾರ ಬೆಳಿಗ್ಗೆ ಅವಳು ಗೇಟಿನ ಹತ್ತಿರವೇ ಕಾದು ನಿಂತಳು. ಚೈತ್ರ ಬೈಕಿನಿಂದ ಇಳಿದ ಕೂಡಲೇ ಕೇಳಿದಳು.

"ಚೈತ್ರ, ನಾಳೆ ನಾನು ಬಾರಿಸ್ಲಾ, ಬೇಡ್ವಾ? ನೀನು ಬೇಡ ಅಂದ್ರೆ ಬಾರಿಸಲ್ಲ. ಬೇಜಾರು ಮಾಡ್ಕೊಳಲ್ಲ."

ಚೈತ್ರ ಬ್ಯಾಗಿನ ಪಟ್ಟಿಯನ್ನು ತಿರುಗಿಸುತ್ತ ನಿಂತಳು.

"ಬಾ," ಎಂದಳು. "ನೀನಿಲ್ದೆ ಇದ್ರೆ ನಂಗೆ ಭಯ ಆಯ್ತದೆ. ಆದ್ರೆ..."

ಪ್ರಾರ್ಥನೆಯ ಗಂಟೆ ಹೊಡೆಯಿತು. ಆ ಸಂಜೆ ಅವರು ಪ್ರಾಕ್ಟೀಸ್ ಕೂಡ ಮಾಡಲಿಲ್ಲ.

ಶುಕ್ರವಾರ ಸ್ಕೂಲಿನ ಅಂಗಳದಲ್ಲಿ ಮಕ್ಕಳೆಲ್ಲ ಸಾಲಾಗಿ ಕೂತಿದ್ದರು. ಒಂದು ಕುರ್ಚಿಯ ಮೇಲೆ ಮಲ್ಲಾಜಮ್ಮನ ಫೋಟೋ ಇತ್ತು. ಅದಕ್ಕೆ ಸೇವಂತಿಗೆ ಹಾರ ಹಾಕಿದ್ದರು. ಸ್ಕೂಲಿನ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಚಿತ್ರವಾದ್ದರಿಂದ ಅವರ ಭುಜದ ಮೇಲೆ ಬೇರೆ ಯಾರದೋ ಕೈಬೆರಳು ಕಾಣುತ್ತಿತ್ತು.

ಹೆಡ್‌ಮಾಸ್ಟರ್ ವೀರಭದ್ರಸ್ವಾಮಿಯವರು ಒಂದು ಕಾಗದದಲ್ಲಿ ಭಾಷಣ ಬರೆದು ತಂದಿದ್ದರು. ಅರ್ಧ ಓದಿ, ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು, "ನಾನೂ ಅವರ ಕೈಯಡುಗೆ ಉಂಡವನು. ಇನ್ನೇನು ಹೇಳ್ಲಿ," ಎಂದು ಕೂತುಬಿಟ್ಟರು.

ಪವಿತ್ರಾ ಮಿಸ್ ಮೂವರನ್ನೂ ಕರೆದರು.

ಚೈತ್ರ ಸ್ವಲ್ಪ ಮುಂದೆ ಕೂತಳು. ಅವಳ ಹಿಂದೆ ಒಂದು ಪಕ್ಕಕ್ಕೆ ಶರತ್, ಇನ್ನೊಂದು ಪಕ್ಕಕ್ಕೆ ತಹಸೀನ್. ಅಲ್ಲಿಂದ ತಹಸೀನಳಿಗೆ ಚೈತ್ರಳ ಮುಖ ಕಾಣುತ್ತಿರಲಿಲ್ಲ. ಎಣ್ಣೆ ಹಾಕಿ ಬಿಗಿದ ಜಡೆ, ಕತ್ತಿನ ಹಿಂಭಾಗ, ಒಂದು ಭುಜ ಕಾಣುತ್ತಿದ್ದವು.

*ಹೊಂಗೇಯ ನೆರಳವ್ವ, ಚೂರು ಜಾಗ ಬುಡು...*

ಶರತ್ ಅವಳ ದನಿಯ ಹಿಂದೆಯೇ ಮೆಲ್ಲಗೆ ಬಂದ. ತಹಸೀನ್ ಧೋಲಕ್ಕಿನ ಎಡಗಡೆಯ ದಪ್ಪ ದನಿಯನ್ನಷ್ಟೇ, ಅಂಗೈಯಿಂದ ತಟ್ಟುತ್ತ ಹೋದಳು. ಮೊದಲ ಎರಡು ಸಾಲು ಮುಗಿದವು. ಚೈತ್ರ ಚರಣಕ್ಕೆ ಬಂದಳು.

*ತಲೆಮೇಲಿನ ಹೊರೆಯಾ...*

ಅಲ್ಲಿಗೆ ದನಿ ನಿಂತಿತು.

ಅಂಗಳದಲ್ಲಿ ಯಾರೋ ಕೆಮ್ಮಿದರು. ಒಂದನೇ ಕ್ಲಾಸಿನ ಮಗುವೊಂದು ಹಿಂದೆ ತಿರುಗಿ ತನ್ನ ಅಕ್ಕನನ್ನು ಹುಡುಕಿತು. ತಹಸೀನಳ ಬಲಗೈ ಬೆರಳುಗಳು ತಾವಾಗಿಯೇ ಮೇಲೆದ್ದವು. ಈಗ ನಾಲ್ಕು ಪೆಟ್ಟು ಹಾಕಿದರೆ ಸಾಕು, ಹಾಡು ನಿಂತಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಅಷ್ಟರಲ್ಲಿ ಅವಳ ಕಣ್ಣು ಚೈತ್ರಳ ಭುಜದ ಮೇಲೆ ನಿಂತಿತು. ಅದು ಸಣ್ಣಗೆ ಏರುತ್ತಿತ್ತು, ಇಳಿಯುತ್ತಿತ್ತು. ಚೈತ್ರ ಅಳುತ್ತಿರಲಿಲ್ಲ. ಉಸಿರಾಡುತ್ತಿದ್ದಳು. ಹಾಡಿನೊಳಗೇ ಎಲ್ಲೋ ಕೂತಿದ್ದಳು.

ತಹಸೀನ್ ಎರಡೂ ಕೈಗಳನ್ನು ಧೋಲಕ್‌ನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಶರತ್ ಅದನ್ನು ನೋಡಿದ. ಅವನೂ ಹಾಡಿನ ಧಾಟಿ ನುಡಿಸುವುದನ್ನು ಬಿಟ್ಟ. ಒಂದೇ ಒಂದು ಸ್ವರದ ಮೇಲೆ ಬೆರಳಿಟ್ಟು, ತಿದಿಯನ್ನು ಬಹಳ ಮೆತ್ತಗೆ ಒತ್ತುತ್ತ ಹೋದ. ಅದೊಂದು ಸಣ್ಣ ದನಿ ಅಂಗಳದಲ್ಲಿ ಉಳಿಯಿತು.

ಎಷ್ಟು ಹೊತ್ತಾಯಿತೋ ತಹಸೀನಳಿಗೆ ತಿಳಿಯಲಿಲ್ಲ. ಬಾರಿಸುವಾಗ ಅವಳು ಇಷ್ಟು ಕಿವಿಗೊಟ್ಟು ಕೇಳಿದ್ದೇ ಇರಲಿಲ್ಲ. ಹಾರ್ಮೋನಿಯಂ ಒಳಗೆ ಗಾಳಿ ಹೋಗಿ ಬರುವುದು ಕೇಳುತ್ತಿತ್ತು. ಶರತ್‌ನ ಅಂಗಿಯ ಗುಂಡಿ ಪೆಟ್ಟಿಗೆಗೆ ತಾಗುವುದು ಕೇಳುತ್ತಿತ್ತು. ಆಮೇಲೆ ಚೈತ್ರ ಉದ್ದಕ್ಕೆ ಒಂದು ಉಸಿರು ಎಳೆದುಕೊಂಡಿದ್ದು ಕೇಳಿತು.

ಆ ಉಸಿರಿನ ತುದಿಗೆ ತಹಸೀನಳ ಎಡಗೈ ತಾನಾಗಿ ಎದ್ದು ಒಂದೇ ಒಂದು ಸಲ ತಟ್ಟಿತು.

ಅದರ ಮೇಲೆಯೇ ಹೆಜ್ಜೆಯಿಟ್ಟ ಹಾಗೆ ಚೈತ್ರ ಹಾಡಿದಳು. ಆದರೆ ಚರಣವನ್ನು ಮುಂದುವರಿಸಲಿಲ್ಲ. ಮತ್ತೆ ಮೊದಲಿಗೆ ಹೋದಳು.

*ಹೊಂಗೇಯ ನೆರಳವ್ವ, ಚೂರು ಜಾಗ ಬುಡು...*

ಹೀಗೆ ಅವರು ಎಂದೂ ಪ್ರಾಕ್ಟೀಸ್ ಮಾಡಿರಲಿಲ್ಲ. ಶರತ್‌ನ ಬೆರಳು ಒಂದು ಕ್ಷಣ ತಡವರಿಸಿ ಮೊದಲ ಸಾಲಿಗೆ ಬಂದಿತು. ಅವನಿಗೆ ದಾರಿ ಸಿಗುವವರೆಗೆ ತಹಸೀನ್ ಒಂದೇ ಪೆಟ್ಟನ್ನು ಬಿಡದೆ ಹಿಡಿದಳು. ಮೂವರೂ ಸೇರಿದರು. ಚರಣ ಬಂತು. ಈ ಸಲ ಚೈತ್ರ ದಾಟಿದಳು.

*ತಲೆಮೇಲಿನ ಹೊರೆಯಾ ಚೂರು ಇಳಿಸವ್ವ,*
*ಮುಂದಕ್ಕಿನ್ನೂ ದಾರಿ ಉಳಿದೈತೆ.*

ಕೊನೆಯ ಸಾಲಿನಲ್ಲಿ ಯಾರೂ ವೇಗ ಏರಿಸಲಿಲ್ಲ. ಮೊದಲು ಧೋಲಕ್ ನಿಂತಿತು, ಆಮೇಲೆ ಹಾರ್ಮೋನಿಯಂ. ಚೈತ್ರಳ ದನಿಯೊಂದೇ ಕೊನೆಯವರೆಗೆ ಹೋಗಿ ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪವಿತ್ರಾ ಮಿಸ್ ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲರೂ ಎದ್ದು ನಿಲ್ಲಿ, ಮೌನ ಆಚರಿಸೋಣ," ಎಂದರು.

ಸಭೆ ಮುಗಿದ ಮೇಲೆ ಶರತ್ ಮತ್ತು ತಹಸೀನ್ ಹಾರ್ಮೋನಿಯಂ ಪೆಟ್ಟಿಗೆಯನ್ನು ಸ್ಟಾಫ್ ರೂಮಿಗೆ ಹೊತ್ತರು. ಚೈತ್ರ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಅವರ ಹಿಂದೆ ಬಂದಳು.

"ಮಧ್ಯದಲ್ಲಿ ನೀನು ಕೈ ಎತ್ಬುಟ್ಟೆ ನೋಡು," ಎಂದ ಶರತ್. "ನಂಗೆ ಜೀವವೇ ಹೋದಂಗಾಯ್ತು. ಯಾಕೆ, ತಾಳ ಮರ್ತೋಯ್ತಾ?"

"ಇಲ್ಲ," ಎಂದಳು ತಹಸೀನ್.

"ನಂಗೆ ಹಿಂದಕ್ಕೆ ತಿರುಗಿ ನೋಡ್ಬೇಕು ಅನ್ನಿಸ್ತು," ಎಂದಳು ಚೈತ್ರ. "ಆಮೇಲೆ ಬ್ಯಾಡ ಬುಡು ಅನ್ಕೊಂಡೆ. ಇಬ್ರೂ ಅಲ್ಲೇ ಇದ್ರಿ, ಗೊತ್ತಾಯ್ತಿತ್ತು."

ಊಟದ ಗಂಟೆ ಹೊಡೆಯಿತು. ಚೈತ್ರ ಇವತ್ತು ಬಾಕ್ಸ್ ತಂದಿರಲಿಲ್ಲ. ತಟ್ಟೆ ತೊಳೆದುಕೊಂಡು ಸಾಲಿನಲ್ಲಿ ನಿಂತಳು. ಅವಳ ಹಿಂದೆ ತಹಸೀನ್, ತಹಸೀನಳ ಹಿಂದೆ ಶರತ್.

ಸಾಲು ಅಡುಗೆಮನೆಯ ಬಾಗಿಲಿಗೆ ಬಂತು. ಒಳಗೆ ಹೊಸದಾಗಿ ಬಂದ ಅಕ್ಕ ಒಬ್ಬರು ಸೌಟು ಹಿಡಿದು ನಿಂತಿದ್ದರು. ಚೈತ್ರ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಮುಂದಿನವರು ಬಡಿಸಿಕೊಂಡು ಹೋಗಿಯಾಗಿತ್ತು. ಅವಳಿಗೂ ಸಾಂಬಾರ್ ಪಾತ್ರೆಗೂ ನಡುವೆ ಖಾಲಿ ನೆಲ.

"ಮುಂದೆ ಹೋಗ್ರೇ!" ಎಂದು ಹಿಂದಿನಿಂದ ಯಾರೋ ಕೂಗಿದರು. "ಹಸಿವಾಯ್ತದೆ!"

ಶರತ್ ಹಿಂದೆ ತಿರುಗಿ, "ತಡ್ಕಳ್ಲಾ ಸ್ವಲ್ಪ," ಎಂದ.

ತಹಸೀನ್ ಚೈತ್ರಳ ಬೆನ್ನಿಗೆ ಕೈ ಹಾಕಲಿಲ್ಲ. ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು, ಅವಳ ಭುಜವನ್ನೇ ನೋಡುತ್ತ ನಿಂತಳು. ಅದು ಏರಿತು, ಇಳಿಯಿತು.

ಚೈತ್ರ ಒಂದು ಹೆಜ್ಜೆ ಇಟ್ಟಳು.

ತಹಸೀನಳೂ ಇಟ್ಟಳು.