ಕಚ್ಚಬೇಡ, ಪಿನ್ನಿ!

"ಬಿಡು... ಬಿಡೇ! ರೀ, ಯಾರಾದ್ರೂ ಇದನ್ನ ಹಿಡ್ಕೊಳ್ಳಿ!"

ಬಾಗಿಲು ತೆರೆದು ಒಂದು ಗಳಿಗೆಯೂ ಆಗಿರಲಿಲ್ಲ. ಮೊಣಕಾಲೆತ್ತರವೂ ಇಲ್ಲದ ಟೆರಿಯರ್ ಮರಿಯೊಂದು ಅವಳ ಪ್ಯಾಂಟಿನ ಅಂಚಿಗೆ ಜೋತುಬಿದ್ದು ಗುರ್ರ್ ಎನ್ನುತ್ತಿತ್ತು. ಅದನ್ನು ಹಿಡಿಯಲು ಓಡಿಬಂದವನು ಕಾಲೊರಸು ಜಾರಿ ನೇರ ಅವಳೆದುರು ಮಂಡಿಯೂರಿ ಬಿದ್ದ.

"ಸಾರಿ... ಇದು ಪಿನ್ನಿ. ಹಲ್ಲು ಗುಂಡುಪಿನ್ನಿನ ಹಾಗಿದೆ ಅಂತ..."

"ನನ್ನ ಕಾಲಿಗೆ ಆಗ್ಲೇ ಗೊತ್ತಾಯ್ತು!"

ನಾಯಿಮರಿಗಳಿಗೆ ಪಾಠ ಹೇಳುವುದೇ ಅವಳ ಕೆಲಸ. ಅವನದು ಕನ್ನಡಕದಂಗಡಿ. ಊರಿನವರ ಕಣ್ಣಿಗೆಲ್ಲ ಕನ್ನಡಕ ಕೂರಿಸುವವನ ಸ್ವಂತ ಕನ್ನಡಕ ಮಾತ್ರ ಸೊಟ್ಟಗೆ ಕೂತಿತ್ತು. ಅದರ ಹಿಂದಿನ ಕಣ್ಣುಗಳು... ಛೆ, ಬಂದ ಕೆಲಸ ನೋಡು ಎಂದು ಅವಳು ತನ್ನನ್ನೇ ಗದರಿಸಿಕೊಂಡಳು.

ಒಳಗಿನಿಂದ ಅವನ ಅಕ್ಕ ಬಂದರು. ಮನೆಯಲ್ಲಿ ಅವರ ಮಾತೇ ಮಾತು.

"ನೋಡಮ್ಮಾ, ಆ ಕೋಣೇಲಿ ನಮ್ಮಪ್ಪ ಮಲಗಿದಾರೆ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. ಇದು ಅವರನ್ನೇನಾದ್ರೂ ಕಚ್ಚಿತು ಅಂದ್ರೆ ಅವತ್ತೇ ಮನೆಯಿಂದಾಚೆ!"

ಅವಳು ಪಾಠ ಶುರುಮಾಡಿದಳು. ಬರಿಗೈಯಲ್ಲಿ ಮರಿಯ ಜೊತೆ ಆಡಬಾರದು. ಹಲ್ಲು ಚರ್ಮಕ್ಕೆ ತಾಗಿತೋ, ಆಟ ಅಲ್ಲಿಗೇ ಬಂದ್. ಎದ್ದು ಬೆನ್ನು ತಿರುಗಿಸಬೇಕು, ಸುಮ್ಮನಾದ ಮೇಲೆ ಕಚ್ಚಲು ಆಟಿಕೆ ಕೊಡಬೇಕು.

"ಮನೇಲಿ ಒಬ್ಬರು ತಪ್ಪಿದ್ರೂ ಇದು ಕಲಿಯಲ್ಲ. ಅರ್ಥ ಆಯ್ತಾ?"

"ಆಯ್ತು, ಟೀಚರ್," ಎಂದ ಅವನು, ತುಂಬ ವಿಧೇಯನಾಗಿ. ಅಂದಿನಿಂದ ಆ ಮನೆಯಲ್ಲಿ ಅವಳು ಟೀಚರ್ ಆದಳು.

ಆದರೆ ಎಲ್ಲ ನೀರಿನಲ್ಲಿ ಹೋಮ! ಶನಿವಾರ ಅವಳೆದುರು ಪಿನ್ನಿ ಏನೂ ಅರಿಯದ ಕೂಸು. ಮುಂದಿನ ಶನಿವಾರ ಬಂದರೆ ಅದೇ ಗುರ್ರ್, ಅದೇ ಪ್ಯಾಂಟು, ಅದೇ ಹಲ್ಲು! ಅವಳಿಗೆ ತಲೆ ಚಿಟ್ಟುಹಿಡಿಯಿತು.

"ನಿಜ ಹೇಳಿ, ಯಾರೋ ಇದರ ಜೊತೆ ಬರಿಗೈಲಿ ಆಡ್ತಿದಾರೆ."

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಅದು ಮೊದಲೇ ಫಳಫಳ ಹೊಳೆಯುತ್ತಿತ್ತು.

"ಅದು... ನಾನೇ. ಆಗೊಮ್ಮೆ ಈಗೊಮ್ಮೆ..."

"ನೀವೇನಾ! ನಾನೇನು ಇಲ್ಲಿಗೆ ಕಾಫಿ ಕುಡಿಯೋಕೆ ಬರ್ತೀನಾ? ನನ್ನ ಕೆಲಸ ಅಂದ್ರೆ ನಿಮಗೆ ತಮಾಷೆನಾ?"

ಅವನು ಕನ್ನಡಕವನ್ನು ಇನ್ನೂ ಜೋರಾಗಿ ಒರೆಸಿದ. ಅವಳಿಗೆ ಮೈಯೆಲ್ಲ ಉರಿಯಿತು. ಉರಿದದ್ದು ಬರೀ ಪಾಠ ಕೆಟ್ಟದ್ದಕ್ಕಲ್ಲ... ಶನಿವಾರ ಯಾವಾಗ ಬರುತ್ತದೋ ಎಂದು ತಾನು ಕಾಯುತ್ತಿದ್ದೆನಲ್ಲ, ಅದಕ್ಕೆ! ಇವನು ಮಾತ್ರ ತನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ!

ಅಷ್ಟರಲ್ಲಿ ಪಿನ್ನಿ ಅಕ್ಕನ ಹಿಮ್ಮಡಿಗೆ ಬಾಯಿ ಹಾಕಿತು. ಅಕ್ಕ ಕಿಟಾರನೆ ಕಿರುಚಿದರು.

"ಸಾಕು! ಮುಂದಿನ ಭಾನುವಾರ ಇದನ್ನ ತಂದಲ್ಲಿಗೇ ಬಿಟ್ಟು ಬರೋದು. ಇನ್ನು ಮಾತಿಲ್ಲ!"

ವಾರವಿಡೀ ಅವಳು ಅವನನ್ನು ಮನಸ್ಸಿನಲ್ಲೇ ಬೈದಳು. ಶನಿವಾರ, ಇನ್ನು ಬರುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡೋಣವೆಂದು ಪಾಠದ ಹೊತ್ತಿಗಿಂತ ಮೊದಲೇ ಹೋದಳು. ಮುಂಬಾಗಿಲು ಓರೆಯಾಗಿತ್ತು. ಒಳಕೋಣೆಯಿಂದ ನಗು ಕೇಳಿಸಿತು. ಆ ಮನೆಯಲ್ಲಿ ಅವಳು ಎಂದೂ ಕೇಳದ ನಗು.

"ಕಚ್ಚು... ಕಚ್ಚೇ ಕಳ್ಳಿ! ಎಳಿ!"

ಬಗ್ಗಿ ನೋಡಿದಳು. ನಗುತ್ತಿದ್ದವರು ಅಪ್ಪ. ಮಂಚದಿಂದ ಇಳಿಬಿದ್ದ ಅಪ್ಪನ ಬಲಗೈಯನ್ನು ಪಿನ್ನಿ ಮೆಲ್ಲಗೆ ಹಲ್ಲಿನಲ್ಲಿ ಹಿಡಿದು ಎಳೆಯುತ್ತಿತ್ತು. ಬಿದ್ದುಹೋಗಿದೆ ಎಂದಿದ್ದ ಆ ಕೈಯ ಬೆರಳುಗಳು ನಡುಗುತ್ತಾ ಮಡಚಿಕೊಂಡು ಅದರ ಗಲ್ಲವನ್ನು ಹಿಡಿದವು!

ಅವನು ಮಂಚದ ಬದಿಯಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ಹೊರಗೆ ಬಂದ. ಮುಖ ಬಿಳಿಚಿಕೊಂಡಿತ್ತು.

"ವ್ಯಾಯಾಮ ಮಾಡಿಸೋರು ಬಂದು ಬಂದು ಸೋತರು. ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ರು, ಮಾತೇ ಇಲ್ಲ. ಒಂದಿನ ಪಿನ್ನಿ ಆ ಕೈ ಕಚ್ಚಿತು... ಬೆರಳು ಅಲ್ಲಾಡಿತು, ಟೀಚರ್! ನಿಮಗೆ ಹೇಳಿದ್ರೆ ನಿಲ್ಲಿಸ್ತೀರಿ, ಅಕ್ಕಂಗೆ ಗೊತ್ತಾದ್ರೆ ಪಿನ್ನಿನೇ ಇರಲ್ಲ..."

ಅವಳು ಮತ್ತೊಮ್ಮೆ ಒಳಗೆ ಆ ಬೆರಳುಗಳನ್ನು ನೋಡಿದಳು. ಆದರೂ ಕೋಪ ಎಲ್ಲಿ ಬಿಡುತ್ತದೆ?

"ಎಂಥ ಪೆದ್ದು ರೀ ನೀವು! ಒಂದು ಮಾತು ಬಾಯ್ಬಿಟ್ಟಿದ್ರೆ ಇಬ್ಬರನ್ನೂ ಉಳಿಸ್ತಿದ್ದೆ! ಹೋಗಿ, ಒಂದು ಹಳೇ ಟವೆಲ್ ತನ್ನಿ!"

ಟವೆಲಿಗೆ ಬಿಗಿಯಾಗಿ ಎರಡು ಗಂಟು ಹಾಕಿದಳು. ಒಂದನ್ನು ಅಪ್ಪನ ಅಂಗೈಗೆ ಇಟ್ಟು, ಇನ್ನೊಂದನ್ನು ಪಿನ್ನಿಯ ಮೂತಿಯೆದುರು ಆಡಿಸಿದಳು.

"ಅಪ್ಪಾಜಿ, ಇನ್ನು ಕೈ ಕೊಡಬೇಡಿ. ಇದನ್ನ ಹಿಡೀರಿ. ಅದು ಎಳೆದ್ರೆ ನೀವೂ ಎಳೀರಿ. ಹಲ್ಲು ಕೈಗೆ ತಾಗಿದ್ರೆ ಆಟ ಬಂದ್!"

ಟವೆಲ್ ಮೂರು ಸಲ ಜಾರಿತು. ಪಿನ್ನಿಯ ಹಲ್ಲು ಬೆರಳಿಗೆ ತಾಗಿದಾಗೆಲ್ಲ ಅವಳು ಟವೆಲ್ ಎತ್ತಿ ಬೆನ್ನು ತಿರುಗಿಸಿದಳು. ಆಮೇಲೆ ಪಿನ್ನಿ ಅಪ್ಪನ ಕೈ ಬಿಟ್ಟು ಗಂಟನ್ನೇ ಕಚ್ಚಿ ಎಳೆಯಿತು... ಅಪ್ಪ ಬಿಡಲಿಲ್ಲ!

ಕೆಲಸ ಮುಗಿಸಿ ಬಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಕೈಚೀಲ ನೆಲಕ್ಕೆ ಬಿತ್ತು. "ಅಪ್ಪಾ... ನಿಮ್ಮ ಕೈ!" ಎಂದವರೇ ಅಲ್ಲೇ ಕುಸಿದು ಕೂತು ಅತ್ತರು. ಭಾನುವಾರ ಪಿನ್ನಿ ಎಲ್ಲಿಗೂ ಹೋಗಲಿಲ್ಲ.

ಕೆಲವು ವಾರ ಕಳೆದವು. ಪಿನ್ನಿ ಟವೆಲ್ ಬಿಟ್ಟು ಬೇರೇನನ್ನೂ ಕಚ್ಚದಾಯಿತು. ಅವಳು ಚೀಲ ಹೆಗಲಿಗೇರಿಸಿದಳು. ಅವನು ಗೇಟಿನವರೆಗೂ ಬಂದ, ಗೇಟಿಗೆ ಅಡ್ಡ ನಿಂತ.

'ಹೇಳೋ ಮಹಾರಾಯ... ಏನಾದರೂ ಹೇಳು!'

"ಪಾಠ ಮುಗೀತು. ದಾರಿ ಬಿಡ್ತೀರಾ?"

"ಟೀಚರ್, ಒಂದು ನಿಜ ಹೇಳಬೇಕಿತ್ತು. ಅಪ್ಪನ ಕೈ... ಅದೊಂದೇ ಕಾರಣ ಅಲ್ಲ."

"ಮತ್ತೆ?"

"ಪಿನ್ನಿ ಬೇಗ ಕಲಿತುಬಿಟ್ರೆ ನೀವು ಬರಲ್ಲ ಅಂತ... ನಾನೂ ಆಗಾಗ ಕೈ ಕೊಡ್ತಿದ್ದೆ."

ಅವನು ಅಂಗೈ ತೋರಿಸಿದ. ತುಂಬ ಸಣ್ಣ ಸಣ್ಣ ಹಳೇ ಗೀರುಗಳು.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ದೇವರೇ! ಇಷ್ಟವಾಗಿದ್ದೀರಿ ಅಂತ ಹೇಳೋದು ಬಿಟ್ಟು ನಾಯಿ ಕೈಲಿ ಕಚ್ಚಿಸ್ಕೊಳ್ತಾರೇನ್ರೀ?"

"ಹೇಳೋಕೆ ಅದಕ್ಕಿಂತ ಭಯ ಆಗ್ತಿತ್ತು."

ಅವಳ ಕಣ್ಣು ತುಂಬಿಬಂತು, ಜೊತೆಗೇ ನಗುವೂ ಬಂತು. ಆ ಗೀರುಗಳ ಮೇಲೆ ತನ್ನ ಅಂಗೈ ಇಟ್ಟು ಗಟ್ಟಿಯಾಗಿ ಹಿಡಿದಳು.

"ಈಗಲೂ ಭಯನಾ?"

"ಸ್ವಲ್ಪ... ಬಿಟ್ಟುಬಿಡ್ತೀರೇನೋ ಅಂತ."

"ಬಿಡಲ್ಲ, ಪೆದ್ದು."