ಗುರುಶಾಂತಪ್ಪನವರ ಜಾಡು

ಬರೆಹಲಗೆಯ ಮೇಲೆ ಒಂಬತ್ತು ಅಡ್ಡಸಾಲು, ಒಂಬತ್ತು ಉದ್ದಸಾಲುಗಳ ಸುಡೊಕು ಮೂಡಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಗಡೆಯ ಮೇಲಿನ ಮೂಲೆಯ ಒಂದು ಖಾಲಿ ಮನೆಯಲ್ಲಿ, ಯಾರೂ ಮುಟ್ಟದೆಯೇ, ಸಣ್ಣದೊಂದು ಮೂರು ಮೂಡಿತು. ಅದರ ಪಕ್ಕದಲ್ಲಿ ಒಂದು ಎಂಟು. ಎರಡು ಸೊನ್ನೆಗಳನ್ನು ಒಂದರ ಮೇಲೊಂದು ಕೂರಿಸಿ ಮಾಡಿದ ಎಂಟು.

"ಬಂದ್ರು," ಎಂದರು ನೀಲಾಂಬಿಕೆ, ಚಹಾದ ಕಪ್ಪನ್ನು ಕೆಳಗಿಡುತ್ತ.

ಬಂದವರು ಅವರ ಗಂಡ ಗುರುಶಾಂತಪ್ಪ. ಅವರು ತೀರಿಕೊಂಡು ವರ್ಷ ಕಳೆದಿತ್ತು.

ದೆವ್ವದ ಕಥೆ ಶುರುವಾಯಿತೆಂದು ಯಾರೂ ಬಾಗಿಲು ಹಾಕಿಕೊಳ್ಳಬೇಕಿಲ್ಲ. ಇದು ಜಾಡುಯಂತ್ರದ ಕೆಲಸ. ಒಬ್ಬ ಮನುಷ್ಯ ಬರೆಹಲಗೆಯ ಮೇಲೆ ವರ್ಷಗಟ್ಟಲೆ ಸುಡೊಕು ಬಿಡಿಸಿದ್ದರೆ, ಯಾವ ಮನೆಯನ್ನು ಮೊದಲು ನೋಡಿದ, ಎಲ್ಲಿ ತಡವರಿಸಿದ, ಯಾವ ಅಂಕಿಯನ್ನು ಬರೆದು ಒರೆಸಿದ ಎಂಬುದೆಲ್ಲ ಕೈಯ ಜೊತೆ ಕಣ್ಣನ್ನೂ ಗಮನಿಸುವ ಹಲಗೆಯ ನೆನಪಿನಲ್ಲಿ ಉಳಿದಿರುತ್ತದೆ. ಸುಡೊಕುವಿಗೆ ಇರುವುದೇ ಒಂದು ಉತ್ತರ, ಅದು ಎಲ್ಲರಿಗೂ ಒಂದೇ. ಆದರೆ ಅಲ್ಲಿಗೆ ಹೋಗುವ ದಾರಿ ಒಬ್ಬೊಬ್ಬರದು ಒಂದೊಂದು. ಆ ದಾರಿಯನ್ನು ಕಲಿತು, ಹೊಸ ಸುಡೊಕು ಕೊಟ್ಟಾಗಲೂ ಅದೇ ಮನುಷ್ಯನ ಹಾಗೆ ಯೋಚಿಸುವ ಯಂತ್ರವನ್ನು ಧಾರವಾಡದ ಮಂದಾಕಿನಿ ಜಾಲಿಹಾಳ ಎಂಬ ವಿಜ್ಞಾನಿ ಕಟ್ಟಿದ್ದಳು. ಮಂದಾಕಿನಿ ಶಾಲೆಯಲ್ಲಿ ನೀಲಾಂಬಿಕೆಯವರ ವಿದ್ಯಾರ್ಥಿನಿ. ದೊಡ್ಡ ವಿಜ್ಞಾನಿಯಾದ ಮೇಲೂ ಅವರ ಎದುರಿಗೆ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದಳು.

ನೀಲಾಂಬಿಕೆ ಗಣಿತದ ಅಕ್ಕೋರು. ಮಾಳಮಡ್ಡಿಯ ಓಣಿಯಲ್ಲಿ ಈಗಲೂ ಬೋಳುತಲೆಯ ಗಂಡಸರು ಅವರನ್ನು ಕಂಡರೆ ಸೈಕಲ್ಲಿನಿಂದ ಇಳಿಯುತ್ತಾರೆ. ಗುರುಶಾಂತಪ್ಪ ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವರು. ಯಾವ ಚಾಲಕ ಯಾವ ದಿನ ಯಾವ ರೂಟಿಗೆ ಎಂದು ಗೆರೆ ಎಳೆದು ತುಂಬುವುದು ಅವರ ಕೆಲಸವಾಗಿತ್ತು. ಈಗ ಬಸ್ಸುಗಳಿಗೆ ಚಾಲಕರೇ ಇಲ್ಲ. ಆ ಹುದ್ದೆ ಇತ್ತೆಂದರೆ ಮಕ್ಕಳು ನಗುತ್ತಾರೆ. ಒಬ್ಬನೇ ಮನುಷ್ಯ ಒಂದೇ ದಿನ ಹಾವೇರಿಯಲ್ಲೂ ಬೆಳಗಾವಿಯಲ್ಲೂ ಇರಲಾರ ಎಂಬುದನ್ನು ಜೀವನವಿಡೀ ಲೆಕ್ಕ ಹಾಕಿದವರಿಗೆ ಸುಡೊಕು ಹಿಡಿಸದೆ ಇನ್ನಾರಿಗೆ ಹಿಡಿಸಬೇಕು?

ಬೆಳಗಿನ ಚಹಾ ಆದ ಕೂಡಲೇ ಇಬ್ಬರೂ ಒಂದೇ ಹಲಗೆಗೆ ಕೂರುತ್ತಿದ್ದರು. ಆ ಮನೆಯದೊಂದು ಕಟ್ಟುನಿಟ್ಟಿನ ಪದ್ಧತಿ: ಕಾರಣ ಹೇಳದೆ ಅಂಕಿ ಇಡುವಂತಿಲ್ಲ. ಕಾರಣ ಕೇಳಿ ಇನ್ನೊಬ್ಬರು ಒಪ್ಪಿದ ಮೇಲೆಯೇ ಅಂಕಿ ಗಟ್ಟಿ. ಸುಲಭದ ಸುಡೊಕುಗಳ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಚಪ್ಪರ, ಸರಪಳಿ ಎಂಬ ತಂತ್ರಗಳಿಲ್ಲದೆ ಬಿಡಿಸಲಾಗದಂಥವು. ಆ ಹೆಸರುಗಳನ್ನು ಗುರುಶಾಂತಪ್ಪನವರೇ ಇಟ್ಟದ್ದು.

ಚಪ್ಪರ ಎಂದರೆ ಹೀಗೆ. ಎರಡು ಅಡ್ಡಸಾಲುಗಳಲ್ಲಿ ಏಳು ಕೂರಬಹುದಾದ ಮನೆಗಳು ಎರಡೆರಡೇ ಇವೆ, ಅವೂ ನೇರ ಒಂದರ ಕೆಳಗೊಂದು ಇವೆ ಎಂದುಕೊಳ್ಳಿ. ನಾಲ್ಕು ಗೂಟ ನೆಟ್ಟಂತಾಯಿತು. ಏಳು ಹೇಗೇ ಕೂತರೂ ಆ ಗೂಟಗಳಲ್ಲೇ ಕೂರಬೇಕು. ಆದ್ದರಿಂದ ಆ ಎರಡು ಉದ್ದಸಾಲುಗಳ ಉಳಿದ ಯಾವ ಮನೆಯಲ್ಲೂ ಏಳಕ್ಕೆ ಜಾಗವಿಲ್ಲ.

ಸರಪಳಿ ಇನ್ನೂ ಕಠಿಣ. ಎರಡೇ ಅಂಕಿಗಳ ಸಾಧ್ಯತೆ ಉಳಿದಿರುವ ಒಂದು ಮನೆಯಿಂದ ಹೊರಡಬೇಕು. ಇಲ್ಲಿ ಮೂರಲ್ಲದಿದ್ದರೆ ಎಂಟು. ಇಲ್ಲಿ ಎಂಟಾದರೆ ಅದೇ ಸಾಲಿನ ಆ ಮನೆಯಲ್ಲಿ ಎಂಟಿಲ್ಲ, ಎರಡು. ಅಲ್ಲಿ ಎರಡಾದರೆ ಮುಂದಿನದರಲ್ಲಿ ಮೂರು. ಅಂದರೆ ಮೊದಲ ಮನೆಯಲ್ಲೋ ಕೊನೆಯ ಮನೆಯಲ್ಲೋ ಮೂರು ಇದ್ದೇ ಇದೆ. ಹಾಗಾಗಿ ಆ ಎರಡೂ ಮನೆಗಳಿಗೆ ಸಂಬಂಧಪಟ್ಟ ಬೇರೆ ಮನೆಯಲ್ಲಿ ಮೂರು ಇರಲಾರದು. ಕೊಂಡಿಗಳು ಮೂರಾಗಲಿ ಹತ್ತಾಗಲಿ, ತುದಿ ಮುಟ್ಟುವವರೆಗೂ ಬುಡ ನೆನಪಿರಬೇಕು. ಗುರುಶಾಂತಪ್ಪ ಇದರಲ್ಲಿ ಎತ್ತಿದ ಕೈ. ಹೆಂಡತಿಗೆ ಒಳಗೊಳಗೇ ಅದರ ಹೆಮ್ಮೆ, ಬಾಯಲ್ಲಿ ಮಾತ್ರ ಹೇಳಿದವರಲ್ಲ.

ಇಂಥ ಸಂಸಾರಕ್ಕೆ ಹುಳಿ ಬಿದ್ದದ್ದು ಅವರು ತೀರಿಕೊಂಡ ವರ್ಷದ ಯುಗಾದಿಯ ನಂತರ. ಗುರುಶಾಂತಪ್ಪ ಕಾರಣ ಹೇಳದೆ ಅಂಕಿ ಇಡತೊಡಗಿದರು. ಕೇಳಿದರೆ "ಕಾಣಸ್ತದಲ್ಲ, ಇನ್ನೇನ್ ಹೇಳೂದು" ಎಂದು ಹಾರಿಸುತ್ತಿದ್ದರು. ಒಂದು ದಿನ ನೀಲಾಂಬಿಕೆ ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಅವರು ಹಲಗೆಯ ಉತ್ತರದ ಪುಟವನ್ನು ತೆರೆದು ನೋಡುತ್ತಿದ್ದರು. ಪರೀಕ್ಷೆಯ ಕೋಣೆಯಲ್ಲಿ ನಕಲು ಹಿಡಿಯುವುದರಲ್ಲೇ ಕಣ್ಣು ಸವೆಸಿದ ಅಕ್ಕೋರಿಗೆ ಇದು ಬೇರೆ ಹೇಗೆ ಕಂಡೀತು? ನಕಲು ಹೊಡೆಯುವವರ ಜೋಡಿ ತಾನು ಕೂರುವುದಿಲ್ಲ ಎಂದು ಹೇಳಿ ಎದ್ದುಬಿಟ್ಟರು. ಗುರುಶಾಂತಪ್ಪ ಉತ್ತರದ ಪುಟವನ್ನು ಮುಚ್ಚಿ, ಹಲಗೆ ಎತ್ತಿಕೊಂಡು ಜಗಲಿಗೆ ನಡೆದರು. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಚಹಾ. ಅವರು ಜಗಲಿಯಲ್ಲಿ ಕೂತು ಒಬ್ಬರೇ ಹಲಗೆ ಬರೆಯುತ್ತಿದ್ದರು, ಇವರು ಅಡುಗೆಮನೆಯಲ್ಲಿ ಮುಖ ಗಂಟು ಹಾಕಿಕೊಂಡಿರುತ್ತಿದ್ದರು. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲೇ ಗುರುಶಾಂತಪ್ಪನವರ ಎದೆ ನಿಂತುಹೋಯಿತು.

ನೀಲಾಂಬಿಕೆ ಅಳಲಿಲ್ಲ. ಮಣ್ಣು ಮಾಡಿ ಬಂದವರು, ಮಾತಾಡಿಸಲು ಬಂದವರು, ಎಲ್ಲರೂ ಅದನ್ನು ಗಮನಿಸಿದರು. ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಕೂತಿತ್ತು. ಜನ್ಮವಿಡೀ ನೇರ ನಡೆದ ಮನುಷ್ಯ ಕೊನೆಗಾಲದಲ್ಲಿ ತನ್ನೊಬ್ಬಳಿಗೇ ಯಾಕೆ ಮೋಸ ಮಾಡಿದ? ಇದೊಂದು ಗೊತ್ತಾಗದೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ.

ವರ್ಷ ಕಳೆದ ಮೇಲೆ ಮಂದಾಕಿನಿ ಜಾಡುಯಂತ್ರದ ಪ್ರಯೋಗಕ್ಕೆ ತಾನು ಕಾಕಾ ಎಂದು ಕರೆಯುತ್ತಿದ್ದ ಗುರುಶಾಂತಪ್ಪನವರ ಹಲಗೆ ಕೇಳಲು ಬಂದಾಗ, ಅಕ್ಕೋರು ಒಂದು ಷರತ್ತು ಹಾಕಿ ಕೊಟ್ಟರು. ಆ ಯುಗಾದಿಯ ಈಚಿನದೊಂದನ್ನೂ ಯಂತ್ರಕ್ಕೆ ತೋರಿಸಬಾರದು. ಯಾಕೆಂದು ಹೇಳಲಿಲ್ಲ. ಗಂಡನ ಮಾನ ಎಂದು ಒಂದಿರುತ್ತದಲ್ಲ.

ಮಂದಾಕಿನಿ ಒಪ್ಪಿದಳು. ಯಂತ್ರದಲ್ಲಿ ಕಾಲಕೊಂಡಿ ಎಂಬ ಭಾಗವೊಂದಿದೆ, ಅದೇ ತನ್ನ ಹೆಮ್ಮೆ ಎಂದು ವಿವರಿಸಿದಳು. ಮನುಷ್ಯ ಕಲ್ಲಲ್ಲ, ದಿನದಿನಕ್ಕೆ ಬದಲಾಗುತ್ತಾನೆ. ಹಿಂದಿನ ವರ್ಷಗಳಲ್ಲಿ ಹೇಗೆ ಬದಲಾದನೆಂದು ಕಾಲಕೊಂಡಿ ಲೆಕ್ಕ ಹಾಕಿ, ಮುಂದೆಯೂ ಅದೇ ದಿಕ್ಕಿನಲ್ಲಿ ಯಂತ್ರವನ್ನು ನಡೆಸುತ್ತದೆ. ಕಾಕಾ ಇನ್ನೂ ಜಾಣರಾಗುತ್ತ ಹೋಗುತ್ತಾರೆ ಎಂದು ಅವಳು ನಗುತ್ತ ಹೇಳಿದಳು. ಅವರ ಧ್ವನಿಯನ್ನೂ ಕೂಡಿಸಬಹುದಿತ್ತು, ಅಕ್ಕೋರು ಬೇಡವೆಂದರು.

ಹೀಗೆ ಗುರುಶಾಂತಪ್ಪ ಮನೆಗೆ ಬಂದರು. ಅಂಕಿ ಇಡುವ ಮುನ್ನ ಕಾರಣವನ್ನು ಹಲಗೆಯ ಕೆಳಗೆ ಬರೆಯುತ್ತಿದ್ದರು: 'ನಾಲ್ಕೂ ಗೂಟ ಬಿದ್ದವು, ಏಳನ್ನ ಹೊರಗ ಹಾಕು.' ನೀಲಾಂಬಿಕೆ ಓದಿ, ತಿದ್ದಿ, ಒಮ್ಮೊಮ್ಮೆ ಬೈದು, ಒಪ್ಪಿಗೆಯ ಗೆರೆ ಎಳೆಯುತ್ತಿದ್ದರು. ಉದ್ದದ ಸರಪಳಿಯೊಂದು ಸಲೀಸಾಗಿ ಬಿಚ್ಚಿಕೊಂಡ ದಿನ ಪಕ್ಕದ ಮನೆಯ ಗಂಗವ್ವನಿಗೆ ಅವರ ನಗು ಕೇಳಿಸಿತು. ಅವಳಿಗೆ ಅಕ್ಕೋರ ತಲೆ ಕೆಟ್ಟಿತೇನೋ ಎಂಬ ಅನುಮಾನ. ಪಾಪ, ಅವಳದೇನೂ ತಪ್ಪಿಲ್ಲ.

ಆ ಸುಖ ಒಂದು ಮಳೆಗಾಲ ದಾಟುವವರೆಗೆ ಇತ್ತು. ಆಮೇಲೆ ಯಂತ್ರ ತಡವರಿಸತೊಡಗಿತು. ಸರಪಳಿಯ ನಡುವೆ ನಿಂತು ಮತ್ತೆ ಮೊದಲ ಮನೆಗೆ ಓಡುವುದು, ಅಲ್ಲಿಂದ ಹೊರಟು ಅರ್ಧ ದಾರಿಯಲ್ಲಿ ಮತ್ತೆ ಹಿಂದಕ್ಕೆ. 'ಇಲ್ಲಿ ಮೂರಲ್ಲದಿದ್ದರೆ' ಎಂದು ಬರೆದು ಸುಮ್ಮನಾಗುವುದು. ಕೊನೆಗೊಂದು ಬೆಳಿಗ್ಗೆ ಯಾವ ಕಾರಣವೂ ಇಲ್ಲದೆ ಒಂದು ಅಂಕಿ ಬಂದು ಕೂತಿತು. ಆ ಅಂಕಿ ತಪ್ಪಾಗಿತ್ತು.

ನೀಲಾಂಬಿಕೆಯವರ ಮೈ ಉರಿಯಿತು. ಸತ್ತ ಮೇಲೂ ಅದೇ ಆಟವೇ? ಮಂದಾಕಿನಿಗೆ ಫೋನು ಮಾಡಿ, ನಿನ್ನ ಯಂತ್ರ ಕೆಟ್ಟಿದೆ, ಒಯ್ದುಬಿಡು ಎಂದರು.

ಮಂದಾಕಿನಿ ಬಂದು ಯಂತ್ರವನ್ನು ಬಿಚ್ಚಿ ನೋಡಿದಳು. ಕೆಟ್ಟಿರಲಿಲ್ಲ. ಕಾಲಕೊಂಡಿಯ ಲೆಕ್ಕವನ್ನು ತೆಗೆದು ನೋಡುತ್ತ ನೋಡುತ್ತ ಅವಳ ಮುಖದ ಬಣ್ಣ ಇಳಿಯಿತು. ಅದನ್ನು ತನ್ನ ಪರಿಚಯದ ನರರೋಗದ ವೈದ್ಯರೊಬ್ಬರಿಗೆ ತೋರಿಸಿ, ಅವರು ಹೇಳಿದ್ದನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಮರುದಿನ ಮತ್ತೆ ಬಂದಳು. ಯುಗಾದಿಗಿಂತ ಎಷ್ಟೋ ಮುಂಚೆಯೇ ಕಾಕಾ ಅವರ ಸರಪಳಿಗಳಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತಂತೆ. ಒಂದು ಕೊಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ಅವರು ಮೊದಲ ಮನೆಯನ್ನು ಮತ್ತೆ ನೋಡಿಕೊಳ್ಳುತ್ತಿದ್ದರು; ತಿಂಗಳು ಕಳೆದಂತೆ ಹೆಚ್ಚುಹೆಚ್ಚು ಸಲ. ಕಣ್ಣೆದುರಿಗೆ ಕೂತ ಹೆಂಡತಿಗೂ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸವದು, ಯಂತ್ರಕ್ಕೆ ಮಾತ್ರ ಗೊತ್ತಾಯಿತು. ಅದು ಆ ದಿಕ್ಕಿನಲ್ಲೇ ಮುಂದೆ ನಡೆದಿತ್ತು.

"ಅಕ್ಕೋರ, ಕಾಕಾ ಅವರಿಗೆ ಮರೆವಿನ ಕಾಯಿಲೆ ಶುರು ಆಗಿತ್ರಿ," ಎಂದಳು. "ಅದು ಯಾರಿಗೂ ಗೊತ್ತಾಗೂಕಿಂತ ಮೊದ್ಲ ಎದಿ ನಿಂತು ಹೋದ್ರು."

ನೀಲಾಂಬಿಕೆ ಎದ್ದು ಬಾಗಿಲು ಮುಚ್ಚಿ ಬಂದರು. ಆಮೇಲೆ ಒಳಗೆ ಬಚ್ಚಿಟ್ಟುಕೊಂಡಿದ್ದನ್ನೆಲ್ಲ ಹೇಳಿದರು: ಉತ್ತರದ ಪುಟ, ತಾವು ಆಡಿದ ಮಾತು, ಜಗಲಿಯ ಕುರ್ಚಿ. ಮಂದಾಕಿನಿ ಅವರ ಅನುಮತಿ ಕೇಳಿ, ಮುಚ್ಚಿಟ್ಟಿದ್ದ ಆ ತಿಂಗಳುಗಳ ಬರಹವನ್ನು ಹಲಗೆಯಿಂದ ತೆಗೆದು ಯಂತ್ರ ಬರೆದದ್ದರ ಪಕ್ಕದಲ್ಲಿಟ್ಟಳು. ಯಂತ್ರ ಆ ಬರಹವನ್ನು ಕಂಡೇ ಇರಲಿಲ್ಲ. ಆದರೂ ಎರಡೂ ಅವಳಿ ಮಕ್ಕಳ ಹಾಗಿದ್ದವು. ಸರಪಳಿ ಅದೇ ಕೊಂಡಿಯಲ್ಲಿ ಕಡಿಯುತ್ತಿತ್ತು, ಊಹೆಯ ಅಂಕಿ ಅದೇ ರೀತಿಯ ಮನೆಯಲ್ಲಿ ಬೀಳುತ್ತಿತ್ತು.

"ಹಂಗಾರ ಅವರು ನಕಲು ಹೊಡೀಲಿಲ್ಲೇನವಾ?"

ಮಂದಾಕಿನಿಗೆ ಸುಳ್ಳು ಹೇಳುವ ಮನಸ್ಸಾಯಿತು. ಅಕ್ಕೋರ ಎದುರಿಗೆ ಅವಳು ಎಂದೂ ಸುಳ್ಳು ಹೇಳಿದವಳಲ್ಲ.

"ಹೊಡದಾರ್ರಿ. ತಮಗ ತಿಳೀವಲ್ದು ಅನ್ನೂದು ನಿಮಗ ಗೊತ್ತಾಗಬಾರ್ದು ಅಂತ ಹೊಡದಾರ. ಗೊತ್ತಾದ್ರ ನೀವು ಜೋಡಿ ಕೂಡೂದು ಬಿಡ್ತೀರಿ ಅಂತ ಅಂಜ್ಯಾರ, ಅಷ್ಟ ರೀ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನೀಲಾಂಬಿಕೆಯವರಿಗೆ ಈಗ ಸಿಟ್ಟು ಮಾಡಿಕೊಳ್ಳಲು ಯಾರೂ ಉಳಿದಿರಲಿಲ್ಲ, ತಾವೊಬ್ಬರನ್ನು ಬಿಟ್ಟು. ಯಾವುದಕ್ಕೆ ಆ ಮನುಷ್ಯ ಹೆದರಿದ್ದನೋ ಅದನ್ನೇ ತಾವು ಮಾಡಿದ್ದರು. ಇದಕ್ಕಿಂತ ಆತ ಮೋಸಗಾರನೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಂದಾಕಿನಿ ಪರಿಹಾರವನ್ನೂ ತಂದಿದ್ದಳು. ಕಾಲಕೊಂಡಿಯನ್ನು ಕತ್ತರಿಸಿದರಾಯಿತು. ಗುರುಶಾಂತಪ್ಪನವರ ಬುದ್ಧಿ ಹರಿತವಾಗಿದ್ದ ವರ್ಷವನ್ನು ಆರಿಸಿಕೊಂಡು ಯಂತ್ರವನ್ನು ಅಲ್ಲೇ ನಿಲ್ಲಿಸಬಹುದು. ಆಮೇಲೆ ಅವರು ಎಂದೂ ಮರೆಯುವುದಿಲ್ಲ, ಎಂದೂ ತಪ್ಪುವುದಿಲ್ಲ. ಅವಳು ಯಂತ್ರದತ್ತ ಕೈಯನ್ನೂ ಚಾಚಿದ್ದಳು. ಅಕ್ಕೋರು ಆ ಕೈಯನ್ನು ಹಿಡಿದುಕೊಂಡರು.

"ಬ್ಯಾಡವಾ. ಅವತ್ತು ನಾ ಬಿಟ್ಟೆದ್ದು ಹೋಗೀನಿ. ಈಗ ಕೂಡ್ತೀನಿ."

ಕೂತರು. ಕಠಿಣದ ಸುಡೊಕುಗಳನ್ನು ಬದಿಗಿಟ್ಟು ಸುಲಭದವನ್ನು ಹಾಕತೊಡಗಿದರು. ಸರಪಳಿ ಹೋಯಿತು, ಸ್ವಲ್ಪ ದಿನಕ್ಕೆ ಚಪ್ಪರವೂ ಹೋಯಿತು. ನೀಲಾಂಬಿಕೆ ಕಾರಣ ಕೇಳುವುದನ್ನು ಬಿಟ್ಟರು. ಯಂತ್ರ ತಪ್ಪು ಅಂಕಿ ಇಟ್ಟರೆ, ಆ ತಪ್ಪು ಸರಿಯಾಗುವ ಹಾಗೆ ಉಳಿದದ್ದನ್ನು ತಾವೇ ಹೊಂದಿಸಲು ನೋಡುತ್ತಿದ್ದರು. ಗಣಿತದಲ್ಲಿ ಅದು ಆಗದ ಮಾತು, ಅವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು? ಆದರೂ ನೋಡುತ್ತಿದ್ದರು. ದೀಪಾವಳಿ ಬಂದು ಹೋಯಿತು. ಗುರುಶಾಂತಪ್ಪ ಬದುಕದೇ ಹೋದ ದಿನಗಳನ್ನು ಯಂತ್ರ ಬದುಕತೊಡಗಿತು. ಕೊನೆಕೊನೆಗೆ ಒಂದನೆಯ ತರಗತಿಯ ಮಕ್ಕಳ ನಾಲ್ಕು ಮನೆಯ ಸಾಲುಗಳು. ಅದರಲ್ಲೂ ಒಂದು ಅಂಕಿ ಬರಲು ಚಹಾ ಆರುವಷ್ಟು ಹೊತ್ತು. ಅಕ್ಕೋರು ಅವಸರ ಮಾಡಲಿಲ್ಲ. ಹಲಗೆಯ ಹತ್ತಿರ ಬಾಗಿ ಓಣಿಯ ಸುದ್ದಿ, ಕಾಯಿಪಲ್ಯದ ರೇಟು, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಿದ್ದರು. ಹಲಗೆಗೆ ಕಿವಿಯಿಲ್ಲವೆಂದು ಅವರಿಗೆ ಗೊತ್ತಿತ್ತು.

ಈ ನಡುವೆ ಮಂದಾಕಿನಿಯ ಸಂಸ್ಥೆ ಜಾಡುಯಂತ್ರವನ್ನು ಮಾರಾಟಕ್ಕೆ ಬಿಟ್ಟಿತು, ಕಾಲಕೊಂಡಿಯನ್ನು ತೆಗೆದುಹಾಕಿ. ಹಣ್ಣಾಗುವ, ಮಾಗುವ, ಉದುರುವ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಮೇಲಿನವರು ಕೇಳಿದರಂತೆ. ಊರಿನ ಎಷ್ಟೋ ಮನೆಗಳಲ್ಲಿ ಈಗ ಅಪ್ಪಂದಿರು, ಗಂಡಂದಿರು ತಮ್ಮ ಒಳ್ಳೆಯ ವರ್ಷದಲ್ಲೇ ನಿಂತು ತಪ್ಪಿಲ್ಲದೆ ಅಂಕಿ ಇಡುತ್ತಿದ್ದರು. ಕೊಂಡವರಲ್ಲಿ ಹಲವರು ಬೇಸರವಾಗಿ ಮೂಲೆಗಿಟ್ಟರು ಎಂಬ ಸುದ್ದಿಯೂ ಇತ್ತು. ಬಿಟ್ಟುಹೋಗದವರನ್ನು ಎಷ್ಟು ದಿನ ಎದುರಿಗೆ ಕೂರಿಸಿಕೊಂಡಿರುವುದು?

ಒಂದು ಬೆಳಿಗ್ಗೆ ನೀಲಾಂಬಿಕೆಯವರ ಹಲಗೆಯ ಮೇಲೆ ಏನೂ ಮೂಡಲಿಲ್ಲ. ಮರುದಿನವೂ ಮೂಡಲಿಲ್ಲ. ಮಂದಾಕಿನಿ ಬಂದು ಪರೀಕ್ಷಿಸಿದಳು. ಯಂತ್ರ ಸರಿಯಿತ್ತು, ವಿದ್ಯುತ್ತು ಸರಿಯಿತ್ತು. ಅಂಕಿಯೆಂದರೇನು ಎಂಬುದೇ ಯಂತ್ರದಲ್ಲಿ ಉಳಿದಿರಲಿಲ್ಲ. ಬೇಕಾದರೆ ಒಳ್ಳೆಯ ವರ್ಷದಿಂದ ಮತ್ತೆ ಶುರು ಮಾಡಬಹುದು, ಒಂದು ಗುಂಡಿ ಒತ್ತಿದರೆ ಸಾಕು ಎಂದು ಅವಳು ಮೆಲ್ಲಗೆ ಹೇಳಿದಳು. ತನ್ನ ಯಂತ್ರ ಅಕ್ಕೋರಿಗೆ ದುಃಖವನ್ನೇ ಕೊಟ್ಟಿತೆಂದು ಕ್ಷಮೆಯನ್ನೂ ಕೇಳಿದಳು.

"ದುಃಖ ನಂದಽ ಇತ್ತವಾ, ನಿನ್ನ ಯಂತ್ರ ಕೊಟ್ಟಿದ್ದಲ್ಲ," ಎಂದರು ನೀಲಾಂಬಿಕೆ. "ಪೂರ್ತಿ ಅವರನ್ನಽ ಮಾಡಿದ್ದಿ. ಇನ್ನ ಹೋಗ್ಲಿ ಬಿಡು."

ಅಷ್ಟು ಹೇಳಿದವರೇ, ಖಾಲಿ ಹಲಗೆಯ ಮೇಲೆ ಎರಡೂ ಕೈಯಿಟ್ಟು ಅಳತೊಡಗಿದರು. ಸಾವಿನ ದಿನ ಬಾರದ ಅಳು. ಎದೆಯ ತಳದಿಂದ, ಗಂಡನ ಹೆಸರು ಹಿಡಿದು, ಹಾಡಿ ಹಾಡಿ ಅತ್ತರು. ಮಂದಾಕಿನಿ ಅವರ ಬೆನ್ನ ಮೇಲೆ ಕೈಯಿಟ್ಟು ನಿಂತಳು. 

ಅಳು ಕೇಳಿ ಗಂಗವ್ವ ಓಡಿ ಬಂದಳು. ಬಾಗಿಲಲ್ಲೇ ನಿಂತು, ಯಾರು ಹೋದರೆಂದು ಮಂದಾಕಿನಿಯನ್ನು ಕೇಳಿದಳು.

"ಗುರುಶಾಂತಪ್ಪ ಕಾಕಾ ತೀರಿಕೊಂಡ್ರವ್ವಾ," ಎಂದಳು ಮಂದಾಕಿನಿ.

ಗುರುಶಾಂತಪ್ಪನವರ ಹೆಣಕ್ಕೆ ನೀರು ಹಾಕುವಾಗ ಬಿಂದಿಗೆ ಹಿಡಿದು ನಿಂತಿದ್ದವಳು ಇದೇ ಗಂಗವ್ವ. ಆದರೂ ಅವಳು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದು, ಅಕ್ಕೋರ ಪಕ್ಕದಲ್ಲಿ ನೆಲದ ಮೇಲೆ ಕೂತಳು.