ಎರಡು ಹೊಳೆ ದಾಟಿದ ಮಾಸಿಂಕೊ

ವರ್ಷಗಟ್ಟಲೆ ಇನ್ನೊಬ್ಬರ ಕೀಬೋರ್ಡ್ ಹೊತ್ತವನಿಗೆ ಕೊನೆಗೆ ದಕ್ಕುವುದು ಬೆನ್ನುನೋವು. ಈಸ್ಟರ್ ಉಪವಾಸ ಬಿಟ್ಟ ವಾರ ಅಸ್ರಾತ್‌ಗೆ ಅದು ಖಾತ್ರಿಯಾಯಿತು. ಶಿರೋ ಮೇಡಾದ ಮನೆಯಂಗಳದಲ್ಲಿ ಎಲ್ಲರೆದುರು ಆ ಕೀಬೋರ್ಡಿನ ಒಡೆಯ, ಹಿರಿಯರೆಂದು ಜನ ಗಾಶೆ ಅನ್ನುವ ಮುದುಕ ಶಿಮೆಲಿಸ್, ತಮ್ಮನ ಮಗ ನಾತ್ನಾಯೆಲ್‌ನ ತಲೆ ಸವರಿ, "ನನ್ನ ಮಾಸಿಂಕೊ ಇನ್ಮೇಲೆ ಇವನದು" ಅಂದುಬಿಟ್ಟರು.

ಅವರು ಹೇಳಿದ್ದು ವಾದ್ಯದ ಮಾತಲ್ಲ, ಅದರ ದನಿಯ ಮಾತು. ಒಂಟಿ ತಂತಿಯ ಮಾಸಿಂಕೊ ನುಡಿಸುತ್ತಿದ್ದ ತಮ್ಮನನ್ನು ಅವನು ಸಾಯುವ ಮುಂಚೆ ಎದುರು ಕೂರಿಸಿಕೊಂಡು, ಒಂದೊಂದೇ ಸ್ವರ ಹಿಡಿದು, ಗಾಶೆ ತಮ್ಮ ಸಿಂಥಸೈಸರ್ ಕೀಬೋರ್ಡಿಗೆ ತುಂಬಿಸಿದ್ದರು. ಕೀ ಒತ್ತಿದರೆ ಸತ್ತವನ ಕಮಾನು ಎದ್ದು ಬಂದು ಅಳುತ್ತಿತ್ತು. ಅಡಿಸ್ ಅಬಾಬದ ಯಾವ ಮದುವೆ ಹಾಲಿನಲ್ಲೂ ಅಂಥ ದನಿ ಬೇರೊಬ್ಬರ ಬಳಿ ಇರಲಿಲ್ಲ. ಮದುವೆಗೆ ದಿನ ಗೊತ್ತುಮಾಡುವ ಮೊದಲು ಜನ ಮುದುಕನ ಪುರುಸೊತ್ತು ಕೇಳುತ್ತಿದ್ದರು.

ನಾತ್ನಾಯೆಲ್‌ಗೆ ತಾಳ ನೆಟ್ಟಗೆ ಬಾರದು. ಅಸ್ರಾತ್‌ಗೆ ಬರುತ್ತಿತ್ತು. ವಾದ್ಯದವರು ಊಟಕ್ಕೆ ಎದ್ದಾಗ ಆ ಹಳೇ ಸಿಂಥಸೈಸರ್ ಪೆಟ್ಟಿಗೆಯ ಮೇಲೇ ಅವನು ಕಲಿತದ್ದು. ಬೇರೆ ಕೀಬೋರ್ಡ್ ಮುಟ್ಟಿದವನಲ್ಲ, ಮುಟ್ಟಲು ಕೊಟ್ಟವರೂ ಇಲ್ಲ. ಆ ಪೆಟ್ಟಿಗೆ ಕಂಡರೆ ಉಳಿದ ವಾದ್ಯದವರಿಗೆ ನಗು. ಯಾವುದೋ ಮದುವೆಯಲ್ಲಿ ಅಮಲೇರಿದ ಮದುಮಗ ತೇಜ್ ಚೆಲ್ಲಿ, ಆ ಜೇನಿನ ಹೆಂಡ ಒಳಗಿಳಿದು ಒಂದು ಕೀ ಸತ್ತುಹೋಗಿತ್ತು. "ಗಾಶೆಗಿಂತ ಮೊದಲು ಪೆಟ್ಟಿಗೆಗೇ ಹಲ್ಲು ಬಿತ್ತು" ಅನ್ನುತ್ತಿದ್ದರು. ಮುದುಕ ರಿಪೇರಿಗೂ ಕೊಡಲಿಲ್ಲ, ಹೊಸದೂ ತರಲಿಲ್ಲ, ಹೇಗೋ ಸುಧಾರಿಸಿಕೊಂಡ. ಬೈಸಿಕೊಳ್ಳುವುದು, ನಗೆಪಾಟಲಾಗುವುದು ಎಲ್ಲ ಹೊರುವವನ ಪಾಲಿಗೆ.

ಆವತ್ತು ಅಂಗಳ ಖಾಲಿಯಾದ ಮೇಲೆ ಅಸ್ರಾತ್ ಕೇಳಿಯೇ ಕೇಳಿದ. "ಗಾಶೆ, ಹಾಗಾದ್ರೆ ನನಗೆ?"

"ನಿನಗೇನು ಕಮ್ಮಿ ಮಾಡಿದೀನೋ? ಊಟ ಹಾಕಿಲ್ವಾ?"

ಹೊಟ್ಟೆಗೆ ಹಾಕಿದ ಇಂಜೆರಾ ರೊಟ್ಟಿ ಎತ್ತಿ ಆಡಿದರಲ್ಲ, ಅಲ್ಲಿಗೆ ಮುಗಿಯಿತು. ಕೇಳಿ ಸಿಗದ್ದನ್ನು ಕೇಳದೇ ತೆಗೆದುಕೊಳ್ಳುವುದು ಅಂತ ಅಸ್ರಾತ್ ಮನಸ್ಸು ಗಟ್ಟಿ ಮಾಡಿಕೊಂಡ.

ಕದಿಯುವುದು ಕಷ್ಟವಿರಲಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದು ಮುದುಕ ಕಾಫಿಗೆ ಕೂತರೆ ಮೂರನೇ ಸುತ್ತು ಕುಡಿದು ಹರಸುವವರೆಗೆ ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ನಡುವೆ ಎದ್ದರೆ ಹರಕೆ ಕೈತಪ್ಪುತ್ತದೆ ಅನ್ನುವ ಜನ. ಹೆಂಗಸರು ಬೀಜ ಹುರಿಯಲು ಕೂತಾಗ ಅಸ್ರಾತ್ ಧೂಳು ಒರೆಸುತ್ತೇನೆಂದು ಒಳಕೋಣೆಗೆ ಹೋದ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಪೆನ್ ಡ್ರೈವ್. ಎರಡನೇ ಸುತ್ತಿಗೆ ಹೊರಗೆ ಬಂದು ಕೂತು, ಮೂರನೆಯದನ್ನು ಎಲ್ಲರಿಗಿಂತ ನಿಧಾನವಾಗಿ ಕುಡಿದ. ಮುದುಕ ಅವನನ್ನೂ ಹರಸಿದ.

ಕದ್ದದ್ದನ್ನು ಕದ್ದದ್ದಾಗಿ ಕಾಣದ ಹಾಗೆ ಮಾಡುವುದೇ ನಿಜವಾದ ಕೆಲಸ. ಆ ಸಿಂಥಸೈಸರಿನ ಫೈಲು ಆ ಸಿಂಥಸೈಸರಿಗೆ ಮಾತ್ರ ಅರ್ಥವಾಗುತ್ತದೆ. ಕಂಪ್ಯೂಟರಿನ ಸಾಫ್ಟ್‌ವೇರಿಗೆ ಅದು ಓದಲು ಬಾರದ ಲಿಪಿ. ಒಂದರದನ್ನು ಇನ್ನೊಂದಕ್ಕೆ ತಿರುಗಿಸಿ ಬರೆದುಕೊಡುವ ಪ್ರೋಗ್ರಾಂ ಇದೆ. ಅಸ್ರಾತ್ ಹಳೇ ಲ್ಯಾಪ್‌ಟಾಪ್ ಹಿಡಿದು, ಚಹಾದಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕೂತ. ಚಹಾ ತರುವ ಹುಡುಗಿ ಹತ್ತಿರ ಬಂದಾಗಲೆಲ್ಲ ಪರದೆ ಮುಚ್ಚಿದ. ಎದುರು ಮೂಲೆಯಲ್ಲಿ ಪೇಪರ್ ಓದುತ್ತಿದ್ದವನು ಪುಟ ಮಗುಚುತ್ತಿಲ್ಲ ಅನ್ನಿಸಿ ಜಾಗ ಬದಲಿಸಿದ. ಮೊದಲು ಒಂದು ಸಾಫ್ಟ್‌ವೇರಿಗೆ ತಿರುಗಿಸಿದ, ಅಲ್ಲಿಂದ ಮತ್ತೊಂದಕ್ಕೆ. ಒಂದೊಂದು ತಿರುವಿಗೂ ಏನೋ ಒಂದು ಉದುರಿತು: ಮಾಡಿದವನ ಹೆಸರು, ತಾರೀಖು, ಗಾಶೆ ಇಟ್ಟ ಗುರುತಿನ ಮಾತು. ಎರಡು ಹೊಳೆ ದಾಟಿಸಿದೆ, ಇನ್ನು ಯಾವ ನಾಯಿಗೆ ವಾಸನೆ ಹತ್ತುತ್ತದೆ ಅಂದುಕೊಂಡ. ಉಳಿದ ಹೆಸರುಗಳನ್ನು ಕೈಯಾರೆ ಅಳಿಸಿ, ಒಂದಿಷ್ಟು ಪ್ರತಿಧ್ವನಿ ಬೆರೆಸಿದ.

ಆಮೇಲೆ ಒಂದು ಪುಟ್ಟ ಕೀಬೋರ್ಡ್ ಹೊಂದಿಸಿಕೊಂಡು ಕಣ್ಣು ಮುಚ್ಚಿ ನುಡಿಸಿದ. ಹಳೇ ನೆನಪಿನ ಹಾಡು ತಿಝಿತಾ ನುಡಿಸಿದ, ಮದುವೆಯ ಹಾಡು ನುಡಿಸಿದ. ಬೆರಳು ಎಲ್ಲೂ ಎಡವಲಿಲ್ಲ. ಮುದುಕನ ಅಂಗಳದಲ್ಲಿ ಕೇಳಿದ್ದಕ್ಕಿಂತ ಚೆನ್ನಾಗಿತ್ತು.

ಕತೆಯನ್ನೂ ಕಟ್ಟಿಕೊಂಡ. ದೆಬ್ರೆ ತಾಬೋರ್ ಕಡೆ ಒಬ್ಬ ಅಲೆಮಾರಿ ಗಾಯಕ ಸಿಕ್ಕಿದ್ದ, ಅವನಿಂದ ಸ್ವರ ಹಿಡಿದೆ, ಅವನು ಗಡಿ ದಾಟಿ ಸುಡಾನಿಗೆ ಹೋದ. ಹೋಗಿ ಕೇಳಿಕೊಂಡು ಬರಲಿ, ಯಾರು ಬೇಕಾದರೂ.

ಕಸಾಂಚಿಸ್‌ನಲ್ಲಿ ಯೆಶಿಯ ಸ್ಟುಡಿಯೊ. ಒಂದು ಕಾಲಕ್ಕೆ ಮದುವೆಗಳಲ್ಲಿ ಹಾಡುತ್ತಿದ್ದವಳು, ಈಗ ಸ್ವಂತ ತಂಡ ಕಟ್ಟಿದ್ದಳು. ಅವಳ ತಂಡದಲ್ಲಿ ಕೀಬೋರ್ಡಿನವನ ಕುರ್ಚಿ ಖಾಲಿ ಇತ್ತು. ಅದು ಸಿಕ್ಕರೆ ಅಸ್ರಾತ್ ಇನ್ನು ಹೊರುವವನಲ್ಲ. ಕಳ್ಳನೆಂದು ಹೆಸರು ಬಿದ್ದರೆ ಈ ಊರಿನ ಯಾವ ಮದುವೆ ಹಾಲಿನವನೂ ತಂತಿ ಸುತ್ತಿಡಲೂ ಕರೆಯುವುದಿಲ್ಲ.

ಯೆಶಿ ಕಾಫಿಗೆ ಹೇಳಿ ಅವನನ್ನು ತನ್ನ ಹೊಸ ಕೀಬೋರ್ಡಿನ ಮುಂದೆ ಕೂರಿಸಿದಳು. ಅವನು ಲ್ಯಾಪ್‌ಟಾಪ್ ಅದಕ್ಕೆ ಜೋಡಿಸಿದ. ನುಡಿಸಿದ. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಬೆರಳ ಮೇಲಿತ್ತು. ಮೆಚ್ಚಿಗೆಯೋ ಗುಮಾನಿಯೋ ತಿಳಿಯಲಿಲ್ಲ.

"ಎಲ್ಲಿ ಸಿಕ್ತಪ್ಪಾ ಈ ಮಾಸಿಂಕೊ?"

ಸುಡಾನಿನ ಕತೆ ಹೇಳಿದ. ತಲೆಯಾಡಿಸಿದಳು. ಎರಡನೇ ಸುತ್ತಿನ ಕಾಫಿ ಬಂತು.

"ಗಾಶೆ ಶಿಮೆಲಿಸ್ ಹತ್ರ ಇದ್ಯಲ್ಲ, ಅದರ ಥರಾನೇ ಇದೆ."

ಇದಕ್ಕೂ ಉತ್ತರ ತಯಾರಿತ್ತು. "ಒಂದೇ ತಂತಿ, ಒಂದೇ ಕುದುರೆ ಕೂದಲು ಅಕ್ಕ. ಬೇರೆ ಥರ ಹೇಗೆ ಅಳುತ್ತೆ?"

ಯೆಶಿ ನಕ್ಕಳು. ಆ ನಗು ಅವನಿಗೆ ಹಿಡಿಸಲಿಲ್ಲ, ಆದರೂ ಗೆದ್ದೆ ಅನ್ನಿಸಿತು. ಏಳಪ್ಪಾ, ನಾನೂ ಸ್ವಲ್ಪ ನೋಡ್ತೀನಿ ಅಂತ ಅವಳೇ ಕುರ್ಚಿಗೆ ಬಂದಳು.

ಅವಳು ಹಾಡೇನೂ ನುಡಿಸಲಿಲ್ಲ. ಬೇಳೆಯಲ್ಲಿ ಕಲ್ಲು ಆರಿಸುವವಳ ಹಾಗೆ ಎಡಗಡೆಯಿಂದ ಒಂದೊಂದೇ ಕೀ ಒತ್ತುತ್ತ ಬಂದಳು. ಒಂದೊಂದೂ ಅತ್ತಿತು. ನಡುವಿನ ಒಂದು ಬಿಳಿ ಕೀ ಮಾತ್ರ ಉಸಿರೆತ್ತಲಿಲ್ಲ. "ನಿಮ್ಮ ಕೀ ಕೆಟ್ಟಿದೆ ಅಕ್ಕ," ಅಂದ ಅಸ್ರಾತ್. ಅವಳು ದನಿಯನ್ನು ಪಿಯಾನೊಗೆ ಬದಲಿಸಿ ಅದನ್ನೇ ಒತ್ತಿದಳು, ಠಣ್ಣೆಂದಿತು. ಮತ್ತೆ ಮಾಸಿಂಕೊಗೆ ತಂದಳು, ಮೌನ. ಪಕ್ಕದ ಕೀ ಒತ್ತಿದಳು. ಇಲ್ಲಿ ಬರಬೇಕಾಗಿದ್ದ ಸ್ವರ ಅಲ್ಲಿಂದ ಬಂತು. ಐದು ಸ್ವರದ ಹಾಡಿಗೆ ಆ ಪಕ್ಕದ ಕೀ ಬೇಕಿರಲಿಲ್ಲವೆಂದು ಮುದುಕ ಸತ್ತ ಕೀಯ ಸ್ವರವನ್ನು ಅಲ್ಲಿಗೆ ದಾಟಿಸಿಟ್ಟಿದ್ದ. ಎರಡು ಹೊಳೆ ದಾಟಿದರೂ ಅದು ಇಟ್ಟಲ್ಲೇ ಇತ್ತು. ಆ ಪೆಟ್ಟಿಗೆಯ ಮೇಲೇ ಪಳಗಿದ ಅಸ್ರಾತ್‌ನ ಬೆರಳು ಕಣ್ಣು ಮುಚ್ಚಿದರೂ ಆ ಕೀಯನ್ನು ಹಾರಿಕೊಂಡೇ ಹೋಗುತ್ತಿತ್ತು. ಅವನು ಎದ್ದು ಬಾಗಿಲ ಕಡೆ ನೋಡಿದ. ಯೆಶಿ ಫೋನು ಕೈಗೆತ್ತಿಕೊಂಡಳು. "ಕೂತ್ಕೋ, ಮೂರನೇ ಸುತ್ತು ಇನ್ನೂ ಬಂದಿಲ್ಲ," ಅಂದಳು. "ಗಾಶೆನೂ ಬರ್ಲಿ. ಆ ತೇಜ್ ಚೆಲ್ಲಿದ್ದು ನನ್ನ ಗಂಡ ಕಣಪ್ಪಾ, ನಮ್ಮ ಮದುವೇಲಿ."